ಮುಂದಿನ ಶನಿವಾರ ಹೇಳ್ತೀನಿ

“ಅಕ್ಕಾ, ಕಂಪ್ಯೂಟರ್ ತಪ್ಪು ಹೇಳ್ತೈತಿ.”

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಿದ್ದಳು. ದಾವಣಗೆರೆಯಿಂದ 15 ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ, ಶನಿವಾರದ ಕೊನೆಯ ಪೀರಿಯಡ್. ಒಂದು ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವ ಪೈಥಾನ್ ಆಜ್ಞೆಯನ್ನು ಹೇಳಿಕೊಡುತ್ತಿದ್ದೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಕೊಟ್ಟಾಗ ಲೆಕ್ಕ ಸರಿಯಾಗಿಯೇ ಬಂತು. ಇವಳು ‘ಕನ್ನಡ’ ಎಂದು ಬರೆದಿದ್ದಳು. ಕ, ನ್ನ, ಡ. ಮೂರಕ್ಷರ. ಪರದೆಯ ಮೇಲೆ 5 ಎಂದಿತ್ತು.

ನನಗೆ ಉತ್ತರ ಗೊತ್ತಿರಲಿಲ್ಲ. ಕಂಪ್ಯೂಟರ್ ಸೈನ್ಸ್ ಬಿ.ಇ.ಯ ಕೊನೆಯ ವರ್ಷದಲ್ಲಿದ್ದೇನೆ; ಮೂರು ವರ್ಷ ಪ್ರೋಗ್ರಾಂ ಬರೆದರೂ ಒಂದು ಕನ್ನಡ ಪದವನ್ನೂ ಆ ಆಜ್ಞೆಗೆ ಕೊಟ್ಟು ನೋಡಿರಲಿಲ್ಲ. “ಮುಂದಿನ ಶನಿವಾರ ಹೇಳ್ತೀನಿ” ಎಂದೆ. ಮಕ್ಕಳಿಗೆ ಪಾಠ ಹೇಳಲು ಹೋಗುವ ನಮ್ಮಂಥ ವಿದ್ಯಾರ್ಥಿಗಳು ಆಡಬಹುದಾದ ಅತ್ಯಂತ ಮುಖ್ಯವಾದ ಮಾತು ಇದೇ ಎಂದು ಈಗ ನಂಬಿದ್ದೇನೆ. ಒಂದು ದಿನಕ್ಕೆಂದು ಬಂದವರು ಈ ಮಾತನ್ನು ಆಡುವಂತಿಲ್ಲ.

ನಾನು ಮೊದಲ ದಿನ ಹೋದಾಗ ಆ ಮಕ್ಕಳು ಕಂಪ್ಯೂಟರಿನ ಬಗ್ಗೆ ಏನನ್ನೂ ಕೇಳಲಿಲ್ಲ. “ಮತ್ತೆ ಬರ್ತೀರಾ ಮಿಸ್?” ಎಂದಷ್ಟೇ ಕೇಳಿದರು. ಹಿಂದಿನ ವರ್ಷ ಯಾವುದೋ ಕಾಲೇಜಿನಿಂದ ಒಂದು ತಂಡ ಬಂದಿತ್ತಂತೆ. ಬ್ಯಾನರ್ ಕಟ್ಟಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಸ್ಲೈಡ್ ತೋರಿಸಿ, ಬಿಸ್ಕತ್ತು ಹಂಚಿ, ಫೋಟೊ ತೆಗೆಸಿಕೊಂಡು ಹೋದರಂತೆ. ಏನು ಕಲಿಸಿದರು ಎಂದು ಕೇಳಿದೆ. ಬಿಸ್ಕತ್ತು ಯಾವುದೆಂದು ನೆನಪಿತ್ತು.

ಆ ತಂಡವನ್ನು ನಾನು ದೂರಲಾರೆ. ನಮ್ಮ ವ್ಯವಸ್ಥೆ ಕೇಳುವುದೇ ಅದನ್ನು. ವಿಟಿಯು ನಿಯಮದಂತೆ ಮೊದಲ ವರ್ಷಕ್ಕೆ ಸೇರಿದ ಬಿ.ಇ. ವಿದ್ಯಾರ್ಥಿ ಓದು ಮುಗಿಸುವುದರೊಳಗೆ ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿ 100 ಚಟುವಟಿಕೆ ಅಂಕ ಗಳಿಸಬೇಕು. ಉದ್ದೇಶ ಬಹಳ ಒಳ್ಳೆಯದು. ಆದರೆ ಸಸಿ ನೆಟ್ಟ ಫೋಟೊ, ಜಾಥಾದ ಫೋಟೊ, ಶಾಲೆಯ ಮುಂದೆ ನಿಂತ ಫೋಟೊ ಸೇರಿದರೆ ಫೈಲು ತುಂಬುತ್ತದೆ, ಅಂಕವೂ ಬರುತ್ತದೆ. ನಾನೂ ಎರಡು ವರ್ಷ ಹಾಗೆಯೇ ತುಂಬಿಸಿದ್ದೇನೆ. 1969ರಲ್ಲಿ ಶುರುವಾದ ಎನ್‌ಎಸ್‌ಎಸ್ ಎರಡು ವರ್ಷಕ್ಕೆ 240 ಗಂಟೆ ಸೇವೆ ಕೇಳುತ್ತದೆ. ಅದರಲ್ಲಿ ಒಂದು ಪಾಲು ಒಂದೇ ಶಾಲೆಯ ಒಂದೇ ತರಗತಿಗೆ ಸಂದರೆ ಏನಾಗಬಹುದು ಎಂಬುದನ್ನು ನಾನು ಈಗ ಕಣ್ಣಾರೆ ಕಾಣುತ್ತಿದ್ದೇನೆ.

ಶಾಲೆಯಲ್ಲಿ 31 ಮಕ್ಕಳು, ಐದು ಕಂಪ್ಯೂಟರ್, ಅದರಲ್ಲಿ ಓಡುವವು ಮೂರು. ಕಂಪ್ಯೂಟರಿಗೆಂದೇ ಶಿಕ್ಷಕರಿಲ್ಲ, ಕೋಣೆಯ ಬೀಗದ ಕೈ ಗಣಿತದ ಮೇಷ್ಟ್ರ ಹತ್ತಿರ ಇರುತ್ತದೆ. ಮೊದಲ ಎರಡು ವಾರ ನಾನು ಕಾಲೇಜಿನಲ್ಲಿ ಕಲಿತ ಕ್ರಮದಲ್ಲೇ, ಅದೇ ಇಂಗ್ಲಿಷ್ ಪದಗಳಲ್ಲೇ ಪಾಠ ಮಾಡಿದೆ. ಮಕ್ಕಳು ಮರ್ಯಾದೆಯಿಂದ ಸುಮ್ಮನೆ ಕೂತಿದ್ದರು. ಮೂರನೇ ವಾರ ಕರೆಂಟ್ ಹೋಯಿತು. ಬೇರೆ ದಾರಿಯಿಲ್ಲದೆ ಸೀಮೆಸುಣ್ಣ ಹಿಡಿದು, ರಂಗೋಲಿ ಯಾರಿಗೆ ಬರುತ್ತದೆ ಎಂದು ಕೇಳಿದೆ. ಹತ್ತಾರು ಕೈ ಮೇಲೆದ್ದವು. “ಏಳರಿಂದ ಒಂದು, ನೇರ ಚುಕ್ಕಿ” ಎಂದೆ. ಒಬ್ಬಳು ಬಂದು ಬೋರ್ಡಿನ ಮೇಲೆ ಇಟ್ಟಳು: ಒಂದು, ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು.

ನೋಡದವರಿಗೂ ಇದನ್ನು ಇಡುವುದು ಬರಬೇಕಾದರೆ ಏನೆಂದು ಹೇಳುತ್ತೀರಿ ಎಂದು ಕೇಳಿದೆ. ಅರ್ಧ ಗಂಟೆ ವಾದ ನಡೆಯಿತು. ‘ಪ್ರತಿ ಸಾಲಿಗೂ ಎರಡು ಕೂಡಿಸು, ಏಳಾದ ಮೇಲೆ ಎರಡು ಕಳೆ, ಒಂದಕ್ಕೆ ಬಂದಾಗ ನಿಲ್ಲು’ ಎಂದು ಅವರೇ ಕಟ್ಟಿದರು. ‘ಲೂಪ್’ ಎಂಬ ಪದವನ್ನು ನಾನು ಹೇಳಿದ್ದು ಅದಾದ ಮೇಲೆ. ಆಗ ಆ ಪದಕ್ಕೆ ಕೂರಲು ಜಾಗವಿತ್ತು. ನಾನು ಒಂದು ದಿನಕ್ಕೆಂದು ಹೋಗಿದ್ದರೆ ಮೊದಲ ವಾರದ ಆ ಮೌನವನ್ನೇ ಪಾಠವೆಂದುಕೊಂಡು ಬಸ್ ಹತ್ತುತ್ತಿದ್ದೆ.

ಇನ್ನು ಆ ಐದರ ಲೆಕ್ಕ. ವಾರವಿಡೀ ಓದಿದೆ, ನಮ್ಮ ಉಪನ್ಯಾಸಕರನ್ನೂ ಕೇಳಿದೆ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವುದು ಯುನಿಕೋಡ್ ಸಂಕೇತಗಳಾಗಿ. 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಕನ್ನಡ ಇತ್ತು. ಅಲ್ಲಿ ‘ನ್ನ’ ಎಂಬುದಕ್ಕೆ ಒಂದೇ ಸಂಕೇತವಿಲ್ಲ. ನ, ಸ್ವರವನ್ನು ತೆಗೆದುಹಾಕುವ ಒಂದು ಚಿಹ್ನೆ, ಮತ್ತೆ ನ: ಒಟ್ಟು ಮೂರು. ಮುಂದಿನ ಶನಿವಾರ ಬೋರ್ಡಿನ ಮೇಲೆ ಬಿಡಿಸಿ ಬರೆದೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕನ್ನಡ ಮೇಷ್ಟ್ರು “ಸಜಾತೀಯ ಸಂಯುಕ್ತಾಕ್ಷರ, ನಾವು ಓದಿದ್ದೇ ಅಲ್ವೇನ್ರೋ” ಎಂದರು. ಮುಂದಿನ ಬೆಂಚಿನ ಹುಡುಗ ಕೀಲಿಮಣೆ ನೋಡುತ್ತಾ ಕೂತಿದ್ದ. “ಅಕ್ಕಾ, ನುಡಿ ಕೀಬೋರ್ಡಿನಲ್ಲಿ ನಾವು ಒತ್ತಿದ್ದೂ ಐದೇ ಕೀ. ಒತ್ತಕ್ಷರಕ್ಕೆ ಮಧ್ಯ ಎಫ್ ಒತ್ತಿದ್ವಲ್ಲ!” ನನಗೆ ಹೊಳೆಯದಿದ್ದುದು ಅವನಿಗೆ ಹೊಳೆದಿತ್ತು. ಅಷ್ಟು ಹೊತ್ತಿಗೆ ನಾನು ಆ ತರಗತಿಗೆ ಮಿಸ್ ಹೋಗಿ ಅಕ್ಕ ಆಗಿದ್ದೆ.

ಆದ್ದರಿಂದ ವಿಶ್ವವಿದ್ಯಾಲಯವನ್ನೂ ಕಾಲೇಜುಗಳನ್ನೂ ಕೇಳುವುದು ಇಷ್ಟು. ಶಾಲೆಯಲ್ಲಿ ಪಾಠ ಹೇಳುವುದಕ್ಕೆ ಅಂಕ ಕೊಡುವುದಾದರೆ ಒಂದೇ ತರಗತಿಗೆ ಕನಿಷ್ಠ ಒಂದು ಸೆಮಿಸ್ಟರ್ ತಪ್ಪದೆ ಹೋದವರಿಗೆ ಕೊಡಿ. ಫೋಟೊ ಬೇಡ, ಮುಖ್ಯ ಶಿಕ್ಷಕರ ಹಾಜರಿ ಪುಸ್ತಕ ನೋಡಿ. ಹೋಗುವವರಿಗೆ ಶನಿವಾರ ಇಂಟರ್ನಲ್ಸ್ ಇಡಬೇಡಿ. ಖರ್ಚು ಹೆಚ್ಚಿಲ್ಲ. ಶಕ್ತಿ ಯೋಜನೆಯಿಂದ ನನಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿಯಾದ್ದರಿಂದ ಸ್ವಲ್ಪ ಕಾಯಬೇಕು, ಅಷ್ಟೆ. ಹುಡುಗರಿಗೆ ಬಸ್ ಚಾರ್ಜನ್ನು ಕಾಲೇಜು ಕೊಡಲಿ.

ನಾವು ಶಿಕ್ಷಕರ ಬದಲಿಗೆ ಬಂದವರಲ್ಲ ಎಂಬುದನ್ನೂ ಹೇಳಲೇಬೇಕು. ವಾರಕ್ಕೊಂದು ಗಂಟೆ ಬರುವ ವಿದ್ಯಾರ್ಥಿಯನ್ನು ತೋರಿಸಿ ಹುದ್ದೆ ಖಾಲಿ ಇಟ್ಟರೆ ಅದು ಮಕ್ಕಳಿಗೆ ಮಾಡುವ ಮೋಸ. ಆ ಕೋಣೆಗೆ ಒಬ್ಬ ಶಿಕ್ಷಕರು ಬೇಕು, ಕೆಟ್ಟ ಎರಡು ಕಂಪ್ಯೂಟರ್ ರಿಪೇರಿಯಾಗಬೇಕು.

ಮೇ ತಿಂಗಳಿಗೆ ನನ್ನ ಓದು ಮುಗಿಯುತ್ತದೆ. ಶಾಲೆ ಮತ್ತೆ ತೆರೆದಾಗ ಈ ತರಗತಿಗೆ ಬರಲು ನನ್ನ ಜೂನಿಯರ್ ಒಬ್ಬಳು ಒಪ್ಪಿದ್ದಾಳೆ. ಈಗಲೇ ನನ್ನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಮೂರು ಕಿಲೋಮೀಟರ್ ಆಚೆಯ ಊರಿನ ಹೈಸ್ಕೂಲಿನ ಮುಖ್ಯ ಶಿಕ್ಷಕರೂ ಯಾರಾದರೂ ಬರುತ್ತೀರಾ ಎಂದು ಕೇಳಿ ಕಳಿಸಿದ್ದಾರೆ. ಅಲ್ಲಿಗೆ ಇನ್ನೂ ಯಾರೂ ಸಿಕ್ಕಿಲ್ಲ.