ಒಟ್ಲಿಲ್ಲದ ನಾಟಿ

ಕನ್ನಡ ಪಾಠ ಹೇಳುವವನಿಗೆ ಹಾಕಿಯ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ವರ್ಷವಿಡೀ ಪಾಠ ಹೇಳದೆ, ಒಂದು ದಿನ ಪರೀಕ್ಷೆ ನಡೆಸಿ, ‘ಈ ಹುಡುಗರಲ್ಲಿ ಹುರುಳಿಲ್ಲ’ ಎಂದು ತೀರ್ಪು ಕೊಡುವ ಉಪಾಧ್ಯಾಯನನ್ನು ಯಾವ ಊರೂ ಸಹಿಸುವುದಿಲ್ಲ. ಆಟದ ಬಯಲಿನಲ್ಲಿ ಮಾತ್ರ ಅದನ್ನೇ ‘ಆಯ್ಕೆ’ ಎಂದು ಕರೆದು ಚಪ್ಪಾಳೆ ತಟ್ಟುತ್ತೇವೆ. ನನ್ನ ತಕರಾರು ಇರುವುದು ಇಲ್ಲಿ.

ಶಾಲಾ ಕ್ರೀಡಾಕೂಟವಿರಲಿ, ದಸರಾ ಕ್ರೀಡಾಕೂಟವಿರಲಿ, ಮೆಟ್ಟಿಲುಗಳೇನೋ ಇವೆ: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಆದರೆ ಸೋತವರು ಹೊರಕ್ಕೆ ಎಂಬುದೇ ಅಲ್ಲಿನ ನಿಯಮ. ಹೀಗೆ 16 ತಂಡಗಳು ಕೂಡಿದರೆ 8 ತಂಡಗಳು ಒಂದೇ ಪಂದ್ಯವಾಡಿ ಮನೆಯ ದಾರಿ ಹಿಡಿಯುತ್ತವೆ. ಆ ದಿನ ಕಾಲು ಎಡವಿದ ಹುಡುಗ ಮುಂದಿನ ವರ್ಷದವರೆಗೆ ಕಾಯಬೇಕು. ಅಷ್ಟರಲ್ಲಿ ಎಸ್.ಎಸ್.ಎಲ್.ಸಿ. ಬರುತ್ತದೆ, ಕೋಲು ಅಟ್ಟ ಸೇರುತ್ತದೆ. ಗೆದ್ದವನ ಪಾಡೂ ಹೆಚ್ಚು ಮೇಲಲ್ಲ. ನಾಲ್ಕು ಪಂದ್ಯ ಚೆನ್ನಾಗಿ ಆಡಿದನೆಂದು ಅವನಿಗೆ ಬಡ್ತಿ ಕೊಟ್ಟು ದೂರದ ಕ್ರೀಡಾ ವಸತಿನಿಲಯಕ್ಕೆ ಕಳುಹಿಸಿದರೆ, ತನಗಿಂತ ಬಲಿತವರ ನಡುವೆ ಆಡುವುದಕ್ಕಿಂತ ಅಂಚಿನಲ್ಲಿ ಕೂರುವುದೇ ಹೆಚ್ಚಾದೀತು.

ಮಂಡ್ಯ ಸೀಮೆಯ ರೈತನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಪೈರು ಒಟ್ಲಿನಲ್ಲಿ ಮೂರು ನಾಲ್ಕು ವಾರ ಬೆಳೆಯುವವರೆಗೆ ಅವನು ಕೀಳುವುದಿಲ್ಲ. ಎಳೆಯ ಪೈರನ್ನು ಅವಸರದಿಂದ ನೆಟ್ಟು, ಅದು ಬಾಡಿದಾಗ ಬೀಜವನ್ನು ಬೈಯುವುದೂ ಇಲ್ಲ.

‘ಹಾಕಿ ಕೊಡಗಿನವರ ರಕ್ತದಲ್ಲಿದೆ, ನಮ್ಮದು ಕಬಡ್ಡಿಯ ನಾಡು’ ಎನ್ನುವವರಿದ್ದಾರೆ. ಇದು ಸೋಮಾರಿಗಳ ವಾದ. ಕೊಡಗಿನ ಕರಡದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿದಾಗ ಸೇರಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ 360. ಅಲ್ಲಿ ಅಜ್ಜನ ಪಕ್ಕದಲ್ಲಿ ಮೊಮ್ಮಗ ನಿಂತು ಆಡುತ್ತಾನೆ. 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, 1988ರ ಸಿಯೋಲ್ ಒಲಿಂಪಿಕ್ಸಿನ ನಾಯಕ ಎಂ.ಎಂ. ಸೋಮಯ್ಯ ಈ ಹಬ್ಬಕ್ಕಿಂತ ಹಿಂದಿನವರು. ಅಂದರೆ ಹಬ್ಬಕ್ಕೆ ಮೊದಲೇ ಅಲ್ಲಿ ಮನೆಮನೆಯಲ್ಲಿ ಕೋಲು, ಊರೂರಲ್ಲಿ ಬಯಲು ಇದ್ದವು. ರಕ್ತಕ್ಕಿಂತ ರೂಢಿ ದೊಡ್ಡದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. 1976ರ ಮಾಂಟ್ರಿಯಲ್ಲಿನಿಂದ ಒಲಿಂಪಿಕ್ ಹಾಕಿ ಕೃತಕ ಹುಲ್ಲಿಗೆ ಬಂದಿದೆ. ತಾಲ್ಲೂಕಿನ ಮಣ್ಣಿನಲ್ಲಿ ಆಡಿ ಏನು ಫಲ? ಚೆಂಡಿನ ವೇಗ ಅಲ್ಲಿ ಬೇರೆ, ಇಲ್ಲಿ ಬೇರೆ ಎಂಬುದು ನಿಜ. ಆದರೆ ಯಾರಿಗೆ ಚೆಂಡು ಕೊಡಬೇಕು, ಯಾವಾಗ ಕೊಡಬೇಕು, ಒಂದು ಗೋಲು ಹಿಂದೆ ಬಿದ್ದಾಗ ತಲೆಯನ್ನು ಹೇಗೆ ತಣ್ಣಗಿಡಬೇಕು ಎಂಬುದನ್ನು ಕಲಿಯಲು ಪಂದ್ಯಗಳು ಬೇಕು. ಕೋಟಿಗಟ್ಟಲೆ ಬೆಲೆಯ ಹಾಸು ಬರಲಿ ಎಂದು ಕಾಯುವುದೆಂದರೆ ಒಂದು ತಲೆಮಾರನ್ನೇ ಕಾಯಿಸಿದಂತೆ.

ನಾನು ಕೇಳುವುದು ಅಲ್ಪ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ: ಈ ನಾಲ್ಕು ತಾಲ್ಲೂಕುಗಳಿಗೆ ಹದಿನಾರು ವಯಸ್ಸಿನೊಳಗಿನವರ ಒಂದೊಂದು ತಂಡವಿರಲಿ. ಪ್ರತಿ ತಂಡವೂ ಉಳಿದ ಮೂರರೊಡನೆ ಎರಡೆರಡು ಸಲ ಆಡಲಿ, ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಅವರ ಊರಿನಲ್ಲಿ. ಒಟ್ಟು 12 ಪಂದ್ಯ. ಎಲ್ಲ ಸೋತ ತಂಡಕ್ಕೂ ಆರು ಪಂದ್ಯಗಳ ಅನುಭವ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ. ಇಂಥ ಎರಡು ವರ್ಷಗಳನ್ನು ಕಂಡ ಮೇಲೆ ಯಾರನ್ನು ಮೇಲಕ್ಕೆ ಕಳುಹಿಸಬೇಕೆಂದು ನಿರ್ಧರಿಸಲಿ. ಕೃತಕ ಹುಲ್ಲಿನ ಪರಿಚಯ ಆಗ ಆದರೆ ತಡವೇನೂ ಆಗದು.

ಇದಕ್ಕೆ ಬೇಕಾದದ್ದು ನಾಲ್ಕು ಬಯಲು, ಕೆಲವು ಡಜನ್ ಕೋಲು, ಬಸ್ಸಿನ ಚಾರ್ಜು, ಶಿಳ್ಳೆ ಊದಲು ಬಲ್ಲ ದೈಹಿಕ ಶಿಕ್ಷಕರು. ಪದಕ ಗೆದ್ದು ಬಂದವರಿಗೆ ಹಾರ ಹಾಕಲು ನಾವೆಲ್ಲ ಮುಂದೆ ನಿಲ್ಲುತ್ತೇವೆ. ಸೋತ ಹುಡುಗನಿಗೆ ಮುಂದಿನ ಭಾನುವಾರ ಇನ್ನೊಂದು ಪಂದ್ಯ ಕೊಡಿಸಲು ಯಾರು ಮುಂದೆ ಬರುತ್ತೀರಿ?