ಕಪ್ಪೆ ಮಗುಚಿ ಬೀಳದೇಕೆ?

ಕಳೆದ ಸಂಚಿಕೆಯಲ್ಲಿ ಕಿವಿಯು ಶಬ್ದವನ್ನು ಗ್ರಹಿಸುವ ಬಗೆಯನ್ನು ವಿವರಿಸಿದ್ದೆವು. ಕಿವಿಗೆ ಇನ್ನೊಂದು ಕೆಲಸವೂ ಉಂಟು; ಅದನ್ನು ತಿಳಿಯುವುದಕ್ಕೆ ಕಪ್ಪೆಯೇ ನಮಗೆ ಗುರು.

೧೮೬೯ರಲ್ಲಿ ಜರ್ಮನ್ ಶಾರೀರವಿಜ್ಞಾನಿ ಗೋಲ್ಟ್ಸ್ ಎಂಬವರು, ಮುಮ್ಮೆದುಳನ್ನು ತೆಗೆದ ಕಪ್ಪೆಯೊಂದನ್ನು ಹಲಗೆಯ ಮೇಲಿರಿಸಿ ಹಲಗೆಯನ್ನು ಮೆಲ್ಲಗೆ ಓರೆಮಾಡಿದರು. ತಾನಾಗಿ ಏನನ್ನೂ ಮಾಡದೆ ಕುಳಿತಿದ್ದ ಆ ಪ್ರಾಣಿಯು ಜಾರಿ ಬೀಳದೆ ಮೇಲ್ಮುಖವಾಗಿ ತೆವಳಿ, ತನ್ನ ತೂಕವನ್ನು ಕಾಪಾಡಿಕೊಂಡಿತು. ಹಾಗಾದರೆ ಸಮತೋಲವು ಮುಮ್ಮೆದುಳಿನ ಆಲೋಚನೆಯಿಂದ ಬಂದುದಲ್ಲವಷ್ಟೆ!

ಒಳಗಿವಿಯಲ್ಲಿ ಕಮಾನಿನಂತೆ ಬಾಗಿದ ಮೂರು ನಾಳಗಳಿವೆ; ತಲೆ ತಿರುಗಿದರೆ ಅವುಗಳೊಳಗಿನ ದ್ರವವು ಅದನ್ನು ಅರುಹುವುದು. ಸಣ್ಣ ಹರಳುಗಳನ್ನು ಹೊತ್ತ ಚೀಲಗಳು ತಲೆ ವಾಲಿದುದನ್ನು ತಿಳಿಸುವುವು. ಈ ವಾರ್ತೆಯನ್ನು ಎಂಟನೆಯ ಕಪಾಲನರವು ಮೆದುಳಿನ ಬುಡದಲ್ಲಿರುವ ಸಮತೋಲ ಕೇಂದ್ರಗಳಿಗೆ ಒಯ್ಯುತ್ತದೆ. ಅಲ್ಲಿಂದ ನರತಂತುಗಳು ಬೆನ್ನುಹುರಿಗಿಳಿದು ಕೈಕಾಲುಗಳ ಸ್ನಾಯುಗಳನ್ನು ಆಳುವ ಕೋಶಗಳನ್ನು ಎಚ್ಚರಿಸುತ್ತವೆ. ದೇಹವು ಎಡಕ್ಕೆ ವಾಲಿತೋ, ಎಡಗಾಲುಗಳು ಚಾಚಿಕೊಂಡು ಆನಿಸಿ ನಿಲ್ಲಿಸುವುವು. ಗೊದಮೊಟ್ಟೆಯಲ್ಲಿ ಬಾಲವನ್ನು ಆಳುತ್ತಿದ್ದ ಈ ವ್ಯವಸ್ಥೆಯೇ, ಕಾಲು ಮೂಡಿದಾಗ ಕಾಲುಗಳ ಆಡಳಿತವನ್ನೂ ಕಲಿಯಬೇಕಾಗುವುದು ಸೃಷ್ಟಿಯ ಸೋಜಿಗವೇ ಸರಿ.

ಒಂದು ಕಡೆಯ ಒಳಗಿವಿ ಕೆಟ್ಟರೆ ಕಪ್ಪೆಯ ತಲೆ ಆ ಕಡೆಗೇ ವಾಲುವುದು; ಆ ಬದಿಯ ಕಾಲುಗಳು ಮಡಿಚಿಕೊಳ್ಳುವುವು. ಆದರೆ ವಾರಗಳು ಕಳೆದಂತೆ ಅದು ಬಹುಮಟ್ಟಿಗೆ ನೆಟ್ಟಗಾಗುವುದು. ಕೆಟ್ಟ ಅಂಗವು ಸರಿಯಾಗದಿದ್ದರೂ, ಉಳಿದ ಕಿವಿ, ಕಣ್ಣು, ಸ್ಪರ್ಶ ಇವುಗಳ ನೆರವಿನಿಂದ ನರಮಂಡಲವು ಹೊಸ ಹೊಂದಾಣಿಕೆಯನ್ನು ಮಾಡಿಕೊಳ್ಳುತ್ತದೆ.

ಮನುಷ್ಯನಲ್ಲಿಯೂ ಇಂಥದೇ ಮಾರ್ಗವಿದೆ. ಆದುದರಿಂದ ಮನೆಯ ಹಿರಿಯರು ತಲೆ ತಿರುಗುವುದೆಂದರೆ ಪಿತ್ತವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಒಳಗಿವಿಯ ದೋಷವೆಂದು ಗೊತ್ತಾದರೆ, ಮೊದಲ ಬಾಧೆ ಇಳಿದ ಮೇಲೆ, ಅವರ ಸಲಹೆಯಂತೆ ಮೆಲ್ಲಮೆಲ್ಲಗೆ ನಡೆದಾಡುವುದು ಹಿತ. ಹಾಸಿಗೆಯಲ್ಲಿಯೇ ಉಳಿದರೆ ಮೆದುಳಿಗೆ ಹೊಂದಿಕೊಳ್ಳಲು ಅವಕಾಶವೆಲ್ಲಿ? ಇಂಥವರಿಗೆ ಕಣ್ಣೇ ಊರುಗೋಲು. ಕತ್ತಲೆಯಲ್ಲಿ ಆ ಊರುಗೋಲು ತಪ್ಪುತ್ತದೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯೆಲ್ಲ ಒಂದು ದೀಪವಿರಲಿ. ಒಂದು ಬೀಳುವಿಕೆಯನ್ನು ತಪ್ಪಿಸಿದರೂ ಆ ಬೆಳಕು ಸಾರ್ಥಕವೆಂದು ನಾವು ನಂಬುತ್ತೇವೆ.