ಚುನಾವಣೆ ಬಂದಾಗಲೆಲ್ಲ ಬೆಳೆಗಾರನ ಕೋವಿ ಠಾಣೆ ಸೇರಬೇಕೇ?

ಚುನಾವಣೆಯ ದಿನಾಂಕ ಪ್ರಕಟವಾಯಿತೆಂದರೆ ಸುಳ್ಯ, ಪುತ್ತೂರು, ಬೆಳ್ತಂಗಡಿ, ತೀರ್ಥಹಳ್ಳಿ, ಸಿದ್ದಾಪುರದ ತೋಟದ ಮನೆಗಳಿಗೆ ಠಾಣೆಯಿಂದ ಕರೆ ಬರುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿನಳಿಗೆ, ಜೋಡುನಳಿಗೆ, ಕೇಪಿನ ಕೋವಿಗಳೆಲ್ಲ ಜೀಪು, ಬೈಕು ಹತ್ತಿ ಪೇಟೆಗೆ ಹೋಗುತ್ತವೆ. ಬೆಳೆಗಾರ ರಸೀದಿ ಹಿಡಿದು ಮನೆಗೆ ಮರಳುತ್ತಾನೆ. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಎಣಿಕೆ ನಡೆದದ್ದು ಜೂನ್ 4ಕ್ಕೆ. ನಡುವೆ 80 ದಿನ. ಲೋಕಸಭೆ ಮುಗಿದರೆ ವಿಧಾನಸಭೆ, ಅದು ಮುಗಿದರೆ ಪಂಚಾಯಿತಿ. ಎಲ್ಲರ ಕೋವಿಯನ್ನೂ ಹೀಗೆ ಒಟ್ಟಿಗೆ ಇರಿಸಿಕೊಳ್ಳುವುದು ಸರಿಯೇ?

ಪರ: ಇರಿಸಿಕೊಳ್ಳಲೇಬೇಕು

ಕೋವಿ ಇರುವವರೆಲ್ಲ ಕೆಟ್ಟವರೆಂದು ಯಾರೂ ಹೇಳುತ್ತಿಲ್ಲ. ಮತಗಟ್ಟೆಗೆ ಹೊರಟವನ ಮನಸ್ಸಿನಲ್ಲಿ ಅಳುಕು ಇರಬಾರದು ಎಂಬುದಷ್ಟೇ ಇಲ್ಲಿಯ ಮಾತು. ತೋಟದ ಲೈನ್‌ಮನೆಯಲ್ಲಿ ವಾಸಿಸುವ ಕೂಲಿಯವನನ್ನು ನೆನೆಯಿರಿ. ಕೆಲಸ, ಮನೆ, ಸಾಲ ಮೂರೂ ಧಣಿಯ ಕೈಯಲ್ಲಿವೆ. ಧಣಿಯ ಮನೆಯ ಗೋಡೆಯಲ್ಲಿ ಕೋವಿ ತೂಗುತ್ತಿದೆ. ಧಣಿ ಅದನ್ನು ಎತ್ತಿ ತೋರಿಸಬೇಕಾಗಿಯೇ ಇಲ್ಲ. ಇಂತಹ ಹೆದರಿಕೆಗೆ ದೂರು ದಾಖಲಾಗುವುದಿಲ್ಲ, ಸಾಕ್ಷಿ ಸಿಗುವುದಿಲ್ಲ. ಕೆಲವು ವಾರವಾದರೂ ಆ ಗೋಡೆ ಖಾಲಿ ಇದ್ದರೆ ಕೂಲಿಯವನೂ ಧಣಿಯೂ ಒಂದೇ ಸಾಲಿನಲ್ಲಿ ನಿಂತಂತೆ.

ಕೋವಿ ಹೊಂದುವುದು ಅಮೆರಿಕದಲ್ಲಿ ಸಂವಿಧಾನ ಕೊಟ್ಟ ಹಕ್ಕು, ನಮ್ಮಲ್ಲಿ ಅಲ್ಲ. ಇದು ಮರೆವಿನಿಂದ ಆದದ್ದೂ ಅಲ್ಲ. ಬ್ರಿಟಿಷರು 1878ರ ಕಾಯ್ದೆಯಿಂದ ದೇಶವನ್ನೇ ನಿರಾಯುಧಗೊಳಿಸಿದ ಸಿಟ್ಟು ನಮ್ಮ ಹಿರಿಯರಿಗೆ ಇತ್ತು. 1931ರ ಕರಾಚಿ ಕಾಂಗ್ರೆಸ್ ತನ್ನ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅದನ್ನೇ ಮೂಲಭೂತ ಹಕ್ಕಾಗಿಸಲು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ಸಭೆ ಅದನ್ನು ಕೈಬಿಟ್ಟಿತು. ಮತ ಹಾಕುವ ಹಕ್ಕನ್ನಾದರೋ ಹೊಲ, ಓದು, ಜಾತಿ ನೋಡದೆ ಎಲ್ಲರಿಗೂ ಕೊಟ್ಟರು. ಎರಡೂ ಎದುರುಬದುರಾದಾಗ ಯಾವುದು ತಗ್ಗಬೇಕೆಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

‘ಅಪರಾಧ ಹಿನ್ನೆಲೆ ಇರುವವರ ಕೋವಿ ಮಾತ್ರ ತೆಗೆದುಕೊಳ್ಳಿ’ ಎನ್ನುವುದು ಕೇಳಲು ಚೆಂದ. ನಾಲ್ಕು ಜನರ ಹೆಸರು ಆರಿಸಿದ ದಿನವೇ ಊರಿನಲ್ಲಿ ಗುಲ್ಲೇಳುತ್ತದೆ: ಅವನ ಪಕ್ಷದವರದ್ದು ಯಾಕೆ ಬಿಟ್ಟಿರಿ, ನಮ್ಮವರದ್ದೇ ಯಾಕೆ ಹಿಡಿದಿರಿ? ಹೆಸರು ಸೇರಿಸಲೂ ತೆಗೆಸಲೂ ಫೋನುಗಳು ಬರುತ್ತವೆ. ಎಲ್ಲರೂ ತಂದಿಡಿ ಎಂದಾಗ ಯಾರ ಮಾನವೂ ಹೋಗುವುದಿಲ್ಲ. ಅಲ್ಲದೆ ಮೊದಲ ತಪ್ಪು ಮಾಡುವವನ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ಗಡಿಜಗಳ, ದೇವಸ್ಥಾನದ ಜಗಳ, ಪಂಚಾಯಿತಿಯ ಸೋಲು ಎಲ್ಲ ಸೇರಿ ಕುದಿಯುವ ಚುನಾವಣೆಯ ರಾತ್ರಿ, ವರ್ಷವಿಡೀ ಸಂಭಾವಿತನಾಗಿದ್ದವನೂ ಕೈಗೆ ಸಿಕ್ಕಿದ್ದನ್ನು ಎತ್ತಬಹುದು. ಕೈಗೆ ಸಿಗುವುದು ದೊಣ್ಣೆಯಾದರೆ ಆಸ್ಪತ್ರೆಯಲ್ಲಿ ಮುಗಿಯುವ ಜಗಳ, ತುಂಬಿದ ಕೋವಿಯಾದರೆ ಅಲ್ಲಿಗೆ ಮುಗಿಯುವುದಿಲ್ಲ.

ಬೆಳೆ ಹಾಳಾಗುತ್ತದೆ, ನಿಜ. ಅದಕ್ಕೆ ಪರಿಹಾರ ಕೊಡುವ ಹೊಣೆ ಸರ್ಕಾರದ್ದು, ಅದನ್ನು ಗಟ್ಟಿಯಾಗಿ ಕೇಳಬೇಕು. ಹೋದ ಗೊನೆಗೆ ಬೆಲೆ ಕಟ್ಟಬಹುದು.

ವಿರೋಧ: ಕಾರಣ ಹೇಳದೆ ಮುಟ್ಟಬಾರದು

1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ತೆರೆದು ನೋಡಿ. ನಿಜವಾದ ಬೆಳೆ ರಕ್ಷಣೆಗೆ ಕೇಪಿನ ಕೋವಿ ಬೇಕೆಂದು ನಾಗರಿಕ ಕೇಳಿದರೆ ಅಧಿಕಾರಿ ಪರವಾನಗಿ ಕೊಡತಕ್ಕದ್ದು ಎಂದಿದೆ. ಬೇಡವೆನ್ನಲು ಕಾಯ್ದೆಯಲ್ಲಿ ಹೇಳಿದ ಕಾರಣವೇ ಬೇಕು. ಕೊಟ್ಟ ಪರವಾನಗಿಯನ್ನು 17ನೇ ಸೆಕ್ಷನ್ ಪ್ರಕಾರ ಅಮಾನತು ಮಾಡುವುದಾದರೂ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಮೂಲಭೂತ ಹಕ್ಕಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ. ಕಾಯ್ದೆ ಕೊಟ್ಟದ್ದನ್ನು ಕಾಯ್ದೆಯ ದಾರಿಯಲ್ಲೇ ಹಿಂದಕ್ಕೆ ಪಡೆಯಬೇಕು ಎಂಬುದಷ್ಟೇ ನಮ್ಮ ವಾದ. ಪೊಲೀಸ್ ವರದಿ ತರಿಸಿ, ಪಹಣಿ ನೋಡಿ, ಇವನು ಯೋಗ್ಯ ಎಂದು ಸಹಿ ಹಾಕಿದ ಅದೇ ಜಿಲ್ಲಾಡಳಿತ, ಚುನಾವಣೆ ಬಂದ ಕೂಡಲೇ ಆ ಸಹಿಯನ್ನು ತಾನೇ ನಂಬುವುದಿಲ್ಲ.

ಚುನಾವಣಾ ಆಯೋಗವೂ ಎಲ್ಲರ ಕೋವಿ ಕಿತ್ತುಕೊಳ್ಳಿ ಎಂದು ಹೇಳಿಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆಯ ಗಲಭೆಯಲ್ಲಿ, ತೊಡಗಿದವರು ಯಾರೆಂದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರದನ್ನೂ ನೋಡಿ ತೀರ್ಮಾನಿಸಬೇಕು ಎಂಬುದೇ ಆಯೋಗದ ಮಾರ್ಗಸೂಚಿ. 2024ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಕೂಡ, ನಿರ್ದಿಷ್ಟ ಕಾರಣವಿಲ್ಲದೆ ಪರವಾನಗಿದಾರರ ಮೇಲೆ ಸಾರಾಸಗಟಾಗಿ ಒತ್ತಡ ಹೇರುವಂತಿಲ್ಲ ಎಂದಿತು. ಅದು ಉತ್ತರ ಪ್ರದೇಶದ ಮಾತು, ಚುನಾವಣೆಯಲ್ಲಿ ಗುಂಡಿನ ಸದ್ದು ಕೇಳಿ ಬಲ್ಲ ರಾಜ್ಯ. ಅಲ್ಲಿಗೆ ಸಲ್ಲದ ಕ್ರಮ ಸುಳ್ಯದ ಅಡಿಕೆ ತೋಟಕ್ಕೆ ಹೇಗೆ ಸಲ್ಲುತ್ತದೆ?

ಪರಿಶೀಲನೆ ಕಷ್ಟದ ಕೆಲಸ, ಸಾರಾಸಗಟು ಆದೇಶ ಒಂದು ಹಾಳೆಯಲ್ಲಿ ಮುಗಿಯುತ್ತದೆ. ನಡೆಯುತ್ತಿರುವುದು ಇಷ್ಟೇ. ಹೆಸರು ಆರಿಸಿದರೆ ಶಿಫಾರಸು ಬರುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಆದರೆ ಶಿಫಾರಸಿಗೆ ಬಗ್ಗದಿರುವುದು ಅಧಿಕಾರಿಯ ಕರ್ತವ್ಯ. ಅದು ಅವರಿಗೆ ಕಷ್ಟವೆಂದು ಬೆಳೆಗಾರ ತನ್ನ ಬಾಳೆ, ತೆಂಗು ಕಳೆದುಕೊಳ್ಳಬೇಕೇ?

ಆ 80 ದಿನ ಯಾವ ಕಾಲದಲ್ಲಿ ಬಂದವು ನೋಡಿ. ಕಾಡಿನ ಹಳ್ಳ ಬತ್ತಿ, ಪ್ರಾಣಿಗಳೆಲ್ಲ ನೀರಿಗಾಗಿ ತೋಟಕ್ಕೆ ಇಳಿಯುವ ಬೇಸಿಗೆ. ಅಡಿಕೆ ಹಿಂಗಾರ ಬಿಟ್ಟು ಎಳೆಕಾಯಿ ಕಟ್ಟುವ ಹೊತ್ತು. ಮಂಗಗಳ ಹಿಂಡು ಒಂದು ಬೆಳಿಗ್ಗೆ ಸೀಯಾಳಗಳನ್ನೆಲ್ಲ ತೂತು ಮಾಡಿ ಉದುರಿಸುತ್ತದೆ. ಹಂದಿ ರಾತ್ರಿ ಬಂದು ಬಾಳೆಯ ಬುಡ, ಸುವರ್ಣಗೆಡ್ಡೆಯ ಸಾಲು ಎರಡನ್ನೂ ಉಳುತ್ತದೆ. ಇವನ್ನು ಕೊಲ್ಲಲು ಕೋವಿ ಕೇಳುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏನೆಂದು ಬೆಳೆಗಾರರಿಗೆ ಗೊತ್ತು, ಅದನ್ನು ಮುರಿದವರ ಪರವಾನಗಿ ಹೋಗಲಿ. ಗಾಳಿಗೆ ಹೊಡೆದ ಒಂದು ಈಡು ಹಿಂಡನ್ನು ಮೂರು ದಿನ ದೂರ ಇಡುತ್ತದೆ. ಗರ್ನಾಲಿಗೆ ಮಂಗಗಳು ವಾರದಲ್ಲೇ ಒಗ್ಗಿಕೊಳ್ಳುತ್ತವೆ, ಕೋವಿ ಹಿಡಿದ ಮನುಷ್ಯನನ್ನು ಮಾತ್ರ ಗುರುತಿಟ್ಟು ಹೆದರುತ್ತವೆ. ತೋಟದಲ್ಲಿ ಬದುಕಿದ ಯಾರನ್ನಾದರೂ ಕೇಳಿ. ಪರಿಹಾರದ ಮಾತು ಆಡುವವರು ಅರ್ಜಿ ಹಿಡಿದು ಒಮ್ಮೆ ಅಲೆದು ನೋಡಲಿ. ಮಂಗ ಹಾಳು ಮಾಡಿದ ಎಳೆಕಾಯಿಗೆ ಲೆಕ್ಕ ಬರೆಯುವುದಾದರೂ ಹೇಗೆ?

ಲೈನ್‌ಮನೆಯ ಕೂಲಿಯವನ ಅಳುಕಿನ ಮಾತು ಮನಸ್ಸಿಗೆ ತಟ್ಟುತ್ತದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅವನನ್ನು ಕಟ್ಟಿಹಾಕಿರುವುದು ಸಾಲ, ಸೂರು, ಕೂಲಿ. ಕೋವಿ ಠಾಣೆಗೆ ಹೋದ ಮಾತ್ರಕ್ಕೆ ಸಾಲದ ಪುಸ್ತಕ ಠಾಣೆಗೆ ಹೋಗುವುದಿಲ್ಲ. ನಿಜವಾಗಿ ಬೆದರಿಸಿದ ಧಣಿಯಿದ್ದರೆ ಅವನ ಹೆಸರನ್ನೇ ಸಮಿತಿ ಹಿಡಿಯಲಿ, ಕೋವಿಯ ಜೊತೆ ಪರವಾನಗಿಯೂ ಹೋಗಲಿ. ಮೂರು ಎಕರೆ ತೋಟ ಇಟ್ಟುಕೊಂಡು ತಾನೇ ಮದ್ದು ಹೊಡೆದು ತಾನೇ ಅಡಿಕೆ ಸುಲಿಯುವವನನ್ನು ಆ ಧಣಿಯ ಸಾಲಿನಲ್ಲಿ ನಿಲ್ಲಿಸಬೇಡಿ. ಬೆಳೆ ರಕ್ಷಣೆಯ ಕೋವಿ ಇಟ್ಟವರಲ್ಲಿ ಇಂತಹ ಸಣ್ಣವರು ಬಹಳ.

ಕೋವಿ ಹೆಚ್ಚಿದ್ದಲ್ಲಿ ಚುನಾವಣೆಯ ಹೊಡೆದಾಟ ಹೆಚ್ಚು ಎನ್ನುವವರು ಕೊಡಗನ್ನು ನೋಡಬೇಕು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ಅಗತ್ಯವೇ ಇಲ್ಲ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂ ಮುಡಿಸಿ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗಾಳಿಗೆ ಗುಂಡು ಹಾರಿಸುವ ನಾಡು ಅದು. ರಾಜಕೀಯ ಜಗಳಕ್ಕೆ ಕೋವಿ ಎತ್ತುವ ನಾಡೆಂಬ ಹೆಸರು ಅದಕ್ಕೆ ಬಂದಿಲ್ಲ. ಚುನಾವಣೆಯ ಗೂಂಡಾಗಿರಿಗೆ ಬೇಕಾದದ್ದು ಮುಂಗೇರಿನಂತಹ ಕಡೆ ಕದ್ದು ತಯಾರಾಗುವ, ನಂಬರಿಲ್ಲದ ನಾಡಪಿಸ್ತೂಲು. ಅದನ್ನು ಇಟ್ಟುಕೊಂಡವನು ಯಾವ ಆದೇಶಕ್ಕೂ ಠಾಣೆಗೆ ತಂದು ಕೊಡುವುದಿಲ್ಲ. ನಂಬರು, ವಿಳಾಸ, ಫೋಟೊ ಎಲ್ಲ ಕೊಟ್ಟು ಕೋವಿ ಇಟ್ಟುಕೊಂಡವನು ಮಾತ್ರ ತಂದು ಕೊಡುತ್ತಾನೆ.

ಸರಿಪಡಿಸುವುದು ಕಷ್ಟವೇನಲ್ಲ. ಚುನಾವಣೆ ಯಾವ ವರ್ಷ ಬರುತ್ತದೆಂದು ಎಲ್ಲರಿಗೂ ಗೊತ್ತು, ಸಮಿತಿ ಘೋಷಣೆಗೆ ಮೊದಲೇ ಕೂತು ಪಟ್ಟಿ ಮಾಡಲಿ. ಯಾರ ಕೋವಿ ಬೇಕೋ ಅವರಿಗೆ ಕಾರಣ ಬರೆದ ನೋಟಿಸು ಕೊಡಲಿ. ಇರಿಸಿಕೊಂಡ ಕೋವಿಗೆ ತುಕ್ಕು ಹಿಡಿಯದಂತೆ ಎಣ್ಣೆ ಕಾಣಿಸಲಿ, ಜೂನ್ ಮಳೆಯಲ್ಲಿ ಕರಾವಳಿಯ ಠಾಣೆಯ ಮೂಲೆಯಲ್ಲಿ ನಿಂತ ನಳಿಗೆಯ ಗತಿ ಏನೆಂದು ನೋಡಿದವರಿಗೆ ಗೊತ್ತು. 2024ರಲ್ಲಿ ದಕ್ಷಿಣ ಕನ್ನಡ ಮತ ಹಾಕಿದ್ದು ಏಪ್ರಿಲ್ 26ಕ್ಕೆ. ಇನ್ನೆಲ್ಲೋ ಮತದಾನ ಬಾಕಿಯಿದೆ, ಎಣಿಕೆ ಜೂನ್ 4ಕ್ಕೆ ಎಂದು ಇಲ್ಲಿಯ ಕೋವಿ ಮತ್ತೆ 39 ದಿನ ಕಾಯಬೇಕಾದ ಅಗತ್ಯವೇನಿತ್ತು? ಸುಳ್ಯದವನ ಮತದಾನ ಮುಗಿದ ವಾರದೊಳಗೆ ಅವನ ಕೋವಿ ಅವನ ಮನೆಯಲ್ಲಿರಬೇಕು.